ಒಂದೇ ಡಬ್ಬಿಯವರು

ಆ ದಿನಗಳಲ್ಲಿ ನಮ್ಮ ಕಡೆ ರೈಲಿಗೆ ಒಂದೇ ಹಳಿ. ಎದುರಿನಿಂದ ಎಕ್ಸ್‌ಪ್ರೆಸ್ ಬರುವುದಿದ್ದರೆ ನಮ್ಮ ಪ್ಯಾಸೆಂಜರ್ ಗಾಡಿ ಬ್ಯಾಡಗಿ ಸ್ಟೇಷನ್ನಿನಲ್ಲಿ ಪಕ್ಕಕ್ಕೆ ಸರಿದು ನಿಲ್ಲಬೇಕು. ಅದನ್ನು ಎಲ್ಲರೂ ಕ್ರಾಸಿಂಗು ಎನ್ನುತ್ತಿದ್ದರು. ಒಮ್ಮೊಮ್ಮೆ ಹತ್ತು ನಿಮಿಷ, ಒಮ್ಮೊಮ್ಮೆ ಅರ್ಧ ತಾಸು. ಗಂಡಸರು ಇಳಿದು ಚಹಾ ಕುಡಿಯುವರು. ಹೆಂಗಸರು ಡಬ್ಬಿಯೊಳಗೇ ಕುಳಿತು ಹೂ ಕಟ್ಟುವರು, ಮೆಂತ್ಯದ ಸೊಪ್ಪು ಸೋಸುವರು. ಗಾಡಿ ಹಾಗೆ ನಿಂತ ಹೊತ್ತಿನಲ್ಲೇ ನಮ್ಮ ಮನೆಯ ಬಹುದೊಡ್ಡ ಗೆಲುವೊಂದು ತಯಾರಾಯಿತು ಎಂದರೆ ಇಂದಿನವರು ನಂಬಲಿಕ್ಕಿಲ್ಲ. ಆ ಕಾಲದಲ್ಲಿ ಪ್ಯಾಸೆಂಜರಿನಲ್ಲಿ ಓಡಾಡಿದವರು ನಂಬುತ್ತಾರೆ.

ನಾನಾಗ ಐದನೇ ತರಗತಿ. ಅದರ ಹಿಂದಿನ ವರ್ಷ ಮಳೆಗಾಲದಲ್ಲಿ ಅಪ್ಪ ತೀರಿಕೊಂಡಿದ್ದ. ಸರ್ಕಾರಿ ನೌಕರಿಯಲ್ಲಿದ್ದವನಾದ್ದರಿಂದ ಅನುಕಂಪದ ಮೇಲೆ ಅವ್ವನಿಗೆ ಗುಮಾಸ್ತಿಕೆ ಸಿಕ್ಕಿತು. ಆದರೆ ಕಚೇರಿ ಇದ್ದದ್ದು ಹಾವೇರಿಯಲ್ಲಿ. ನಮ್ಮದು ರಾಣಿಬೆನ್ನೂರು. ಪಿಯುಸಿವರೆಗೆ ಓದಿದ್ದರೂ ಅವ್ವ ಅದುವರೆಗೆ ಒಬ್ಬಳೇ ಪೇಟೆಗೂ ಹೋದವಳಲ್ಲ. ಗಂಡ ಸತ್ತ ಹೆಣ್ಣುಮಗಳು ದಿನಾ ಒಬ್ಬಳೇ ರೈಲಿನಲ್ಲಿ ಓಡಾಡುವುದು ಛಲೋ ಕಾಣುವುದಿಲ್ಲ ಎಂದು ಅಜ್ಜಿ ಹಟ ಹಿಡಿದಳು. ಕೊನೆಗೆ ಒಂದು ಉಪಾಯ ಹುಡುಕಿದರು. ನನ್ನ ಹೆಸರನ್ನು ರಾಣಿಬೆನ್ನೂರಿನ ಶಾಲೆಯಿಂದ ತೆಗೆಸಿ ಹಾವೇರಿಯ ಶಾಲೆಗೆ ಹಚ್ಚಿದರು. ಹೀಗೆ ಎರಡು ಜಡೆಗೆ ಕೆಂಪು ರಿಬ್ಬನ್ ಕಟ್ಟಿಕೊಂಡ ನಾನು ಅವ್ವನ ಕಾವಲಿಗೆ ನೇಮಕವಾದೆ.

ಮುಂಜಾನೆಯ ಆ ಗಾಡಿಯ ಹೆಂಗಸರ ಡಬ್ಬಿಗೆ ತನ್ನದೇ ಒಂದು ವಾಸನೆ. ಹಸಿ ಕೊತ್ತಂಬರಿ, ಮುಖಕ್ಕೆ ಹಚ್ಚಿಕೊಂಡ ಪೌಡರು, ಊಟದ ಡಬ್ಬಿಗಳಿಂದ ಬರುವ ಶೇಂಗಾ ಚಟ್ನಿ ಮತ್ತು ಬಿಸಿ ರೊಟ್ಟಿಯ ವಾಸನೆ, ಬ್ಯಾಡಗಿ ಬಂತೆಂದರೆ ಕಿಟಕಿಯಿಂದ ನುಗ್ಗುವ ಮೆಣಸಿನಕಾಯಿಯ ಘಾಟು. ಅಲ್ಲಿ ಎಲ್ಲರೂ ಒಟ್ಟಿಗೇ ಸೀನುವರು, ಒಟ್ಟಿಗೇ ನಗುವರು. ಕಾಲೇಜಿಗೆ ಹೋಗುವ ಇಬ್ಬರು ಹುಡುಗಿಯರು ಸೀಟಿನ ಮೇಲೆ ಸಣ್ಣ ಕಲ್ಲುಗಳನ್ನಿಟ್ಟುಕೊಂಡು ನನ್ನ ಜೊತೆ ಹಳ್ಳಾಟ ಆಡುತ್ತಿದ್ದರು. ಗಾಡಿ ತೊನೆದಾಡಿದರೆ ಮೇಲೆ ಎಸೆದ ಹಳ್ಳು ಒಂದು ಕಡೆ, ಹಿಡಿಯುವ ಕೈ ಇನ್ನೊಂದು ಕಡೆ. ಅಷ್ಟೆಲ್ಲ ಸದ್ದಿನ ನಡುವೆ ಅವ್ವ ಮಾತ್ರ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಕಿಟಕಿಯ ಆಚೆ ನೋಡುತ್ತ ಕೂರುವಳು. ಯಾರಾದರೂ ಮಾತಿಗೆಳೆದರೆ ಹೂಂ, ಇಲ್ಲ. ಅಷ್ಟೇ. ತಿಂಗಳುಗಟ್ಟಲೆ ಹೀಗೇ ನಡೆಯಿತು.

ಒಂದು ದಿನ ನಾವು ಸ್ಟೇಷನ್ನಿಗೆ ಬರುವುದು ತಡವಾಯಿತು. ಗಾಡಿ ಆಗಲೇ ಕೂಗಿತ್ತು. ಅವ್ವ ನನ್ನನ್ನು ಮೊದಲು ಹತ್ತಿಸಿದಳು. ಅವಳ ಚಪ್ಪಲಿಯ ಉಂಗುಟ ಕಿತ್ತು ಕಾಲು ಮುಗ್ಗರಿಸಿತು. ಏಳುವಷ್ಟರಲ್ಲಿ ಗಾಡಿ ವೇಗ ಹಿಡಿಯಿತು. ನಾನು ಬಾಗಿಲಲ್ಲಿ ನಿಂತು ಅವ್ವಾ ಎಂದು ಚೀರಿದೆ, ಇಳಿಯಲು ಕಾಲನ್ನೂ ಮುಂದಿಟ್ಟೆ. ಆಗ ಒಂದು ಗಟ್ಟಿ ಕೈ ನನ್ನ ಪಾಟಿಚೀಲದ ಸಮೇತ ನನ್ನನ್ನು ಒಳಗೆ ಎಳೆದುಕೊಂಡಿತು. ಅದು ಬಳೆ ಮಾರುವ ಖೈರೂನ್‌ಬಿ ಚಾಚಿಯ ಕೈ. ಇನ್ನೊಬ್ಬರು ಬಾಗಿಲಿನಿಂದ ಅರ್ಧ ಮೈ ಹೊರಗೆ ಚಾಚಿ ಅವ್ವನಿಗೆ ಕೂಗಿ ಹೇಳಿದರು:

"ಕೂಸು ನಮ್ಮ ಕಡೆ ಐತ್ರಿ. ಬಸ್ಸಿಗೆ ಬರ್ರಿ. ಹಾವೇರಿ ಸ್ಟೇಷನ್ನಿನ್ಯಾಗ ಇರ್ತೇವಿ."

ಅವರು ಸರೋಜಕ್ಕ, ಹಾವೇರಿ ಕೋರ್ಟಿನಲ್ಲಿ ಟೈಪಿಸ್ಟ್. ಅವರ ಮಾತು ನಡೆಯಿತು. ಹಾವೇರಿಯಲ್ಲಿ ಇಳಿದ ಮೇಲೆ ಕಾಲೇಜು ಹುಡುಗಿಯರು ಹೋದರು, ಉಳಿದವರು ತಮ್ಮ ತಮ್ಮ ಕೆಲಸಕ್ಕೆ ಹೋದರು. ಆದರೆ ಸರೋಜಕ್ಕ ಮತ್ತು ಖೈರೂನ್‌ಬಿ ಚಾಚಿ ನನ್ನನ್ನು ನಡುವೆ ಕೂರಿಸಿಕೊಂಡು ಪ್ಲಾಟ್‌ಫಾರ್ಮಿನ ಕಲ್ಲುಬೆಂಚಿನ ಮೇಲೆ ಕುಳಿತೇ ಇದ್ದರು. ಕೋರ್ಟಿಗೆ ತಡವಾದರೆ ಸಾಹೇಬರು ಸುಮ್ಮನಿರುವವರಲ್ಲ ಎಂದು ಸರೋಜಕ್ಕ ಗಡಿಯಾರ ನೋಡಿಕೊಳ್ಳುತ್ತಿದ್ದದ್ದು ನನಗೆ ಕಾಣುತ್ತಿತ್ತು. ಆದರೂ ಏಳಲಿಲ್ಲ. ಚಾಚಿ ನನಗೆ ಒಂದು ಡಜನ್ ಗಾಜಿನ ಬಳೆ ಕೊಟ್ಟು ಬಣ್ಣ ಬೇರೆ ಮಾಡು ಎಂದು ಕೆಲಸ ಹಚ್ಚಿದಳು.

ಅವ್ವ ಬರಿಗಾಲಲ್ಲಿ ಓಡಿಬಂದಳು. ನನ್ನನ್ನು ಅಪ್ಪಿಕೊಂಡಳು, ಆಮೇಲೆ ಅವರಿಬ್ಬರ ಕೈ ಹಿಡಿದುಕೊಂಡು ಅತ್ತಳು. ಅಪ್ಪ ಸತ್ತಾಗ ನೋಡಲು ಬಂದವರ ಮುಂದೆ ಅತ್ತ ಅಳು ಬೇರೆ. ಇದು ಬೇರೆ. ಅಳುತ್ತಳುತ್ತಲೇ ಮಾತಾಡತೊಡಗಿದಳು. ಬಸ್ಸು ಮೋಟೆಬೆನ್ನೂರಿನಲ್ಲಿ ಎಷ್ಟು ಹೊತ್ತು ನಿಂತಿತು, ಕಂಡಕ್ಟರ್ ಏನೆಂದ, ತನಗೆ ಏನೇನು ಕೆಟ್ಟ ಯೋಚನೆ ಬಂದವು, ಎಲ್ಲ ಹೇಳಿದಳು. ಮರುದಿನದಿಂದ ಅವಳು ಕಿಟಕಿ ಬಿಟ್ಟು ನಡುವಿನ ಸೀಟಿಗೆ ಬಂದಳು.

ಆ ಡಬ್ಬಿಯಲ್ಲಿ ಯಾರಿಗೆ ಯಾರೂ ಏನೂ ಆಗಬೇಕಿರಲಿಲ್ಲ. ಊರು ಬೇರೆ, ಓಣಿ ಬೇರೆ, ಜಾತಿ ಬೇರೆ, ಒಬ್ಬರ ಮನೆಯ ಬಾಗಿಲು ಯಾವ ದಿಕ್ಕಿಗಿದೆ ಎಂದು ಇನ್ನೊಬ್ಬರಿಗೆ ಗೊತ್ತಿರಲಿಲ್ಲ. ಆದರೂ ಸರೋಜಕ್ಕನ ಮಗಳನ್ನು ನೋಡಲು ಬಂದ ಗಂಡಿನವರು ಏನು ಹೇಳಿದರೆಂಬುದು ಗಾಡಿಗೆ ಮೊದಲು ಗೊತ್ತಾಗುತ್ತಿತ್ತು, ಅವರ ನೆಂಟರಿಗೆ ಆಮೇಲೆ. ಬ್ಯಾಡಗಿಯಲ್ಲಿ ಹತ್ತುವ ಗಂಗವ್ವ ಎಂಬವಳಿದ್ದಳು. ಎತ್ತರದ, ಅಗಲ ಭುಜದ ಹೆಣ್ಣುಮಗಳು, ಹಾವೇರಿ ಸಂತೆಯಲ್ಲಿ ಮೊಸರು ಮಾರುವವಳು. ಅವ್ವ ತಿಂಡಿ ತಿನ್ನದೆ ಬಂದಿದ್ದರೆ ಮುಖ ನೋಡಿಯೇ ತಿಳಿದು, ಗಡಿಗೆಯಿಂದ ಮೊಸರು ತೆಗೆದು ರೊಟ್ಟಿಯ ಮೇಲೆ ಹಾಕಿ ಕೈಗಿಡುವಳು. ಬೇಡ ಎಂದರೆ ಕೇಳುತ್ತಿರಲಿಲ್ಲ.

ಜನವರಿ ಬಂತು. ಗಣರಾಜ್ಯೋತ್ಸವದ ದಿನ ಹಾವೇರಿಯ ದೊಡ್ಡ ಮೈದಾನದಲ್ಲಿ ಮಹಿಳೆಯರಿಗೆ ಹಗ್ಗ ಜಗ್ಗಾಟ ಇಟ್ಟಿದ್ದಾರೆಂಬ ಸುದ್ದಿಯನ್ನು ಸರೋಜಕ್ಕ ಕೋರ್ಟಿನಿಂದ ತಂದರು. ಒಂದು ತಂಡಕ್ಕೆ ಎಂಟು ಜನ. ನಾವೂ ಯಾಕೆ ಹೋಗಬಾರದು ಎಂದು ಮೊದಲು ನಗೆಯಾಡಿದರು. ಗಂಗವ್ವ ಮರುದಿನ ನಿಜವಾಗಿಯೂ ಎತ್ತು ಕಟ್ಟುವ ದಪ್ಪ ಹಗ್ಗವೊಂದನ್ನು ಸಿಂಬಿ ಸುತ್ತಿ ತಂದು ಸೀಟಿನ ಕೆಳಗೆ ಎಸೆದಾಗ ನಗೆ ನಿಂತಿತು. ಅವಳೊಬ್ಬಳು, ಚಾಚಿ, ಸರೋಜಕ್ಕ, ಕಾಲೇಜಿನ ಹುಡುಗಿಯರಿಬ್ಬರು, ಒಬ್ಬ ನರ್ಸಮ್ಮ, ಒಬ್ಬ ಶಾಲೆ ಟೀಚರು, ಸೊಪ್ಪು ಮಾರುವ ಒಬ್ಬಳು. ಲೆಕ್ಕ ಸರಿಯಾಯಿತು. ಅವ್ವನ ಪಾಲಿಗೆ ಎಲ್ಲರ ಚೀಲ ಕಾಯುವ ಕೆಲಸ, ನನಗೆ ಚಪ್ಪಲಿ.

ತಾಲೀಮು ನಡೆಯುತ್ತಿದ್ದದ್ದು ಬ್ಯಾಡಗಿ ಸ್ಟೇಷನ್ನಿನಲ್ಲಿ, ಕ್ರಾಸಿಂಗಿಗೆ ಗಾಡಿ ನಿಂತಾಗ. ಪ್ಲಾಟ್‌ಫಾರ್ಮಿನ ಕೊನೆಗೆ ಒಂದು ಬೇವಿನ ಮರ. ಹಗ್ಗದ ಒಂದು ತುದಿಯನ್ನು ಅದಕ್ಕೆ ಬಿಗಿದು ಇನ್ನೊಂದು ತುದಿಯನ್ನು ಇವರು ಜಗ್ಗುವರು. ಮೊದಲ ದಿನ ಒಬ್ಬೊಬ್ಬರು ಒಂದೊಂದು ಹೊತ್ತಿಗೆ ಜಗ್ಗಿ ಒಬ್ಬರ ಮೇಲೊಬ್ಬರು ಬಿದ್ದರು. ಮೆಣಸಿನಕಾಯಿ ಚೀಲ ಹೊರುವ ಹಮಾಲರು ಕೆಲಸ ಬಿಟ್ಟು ನೋಡಿದರು. ಎಲ್ಲರೂ ಒಂದೇ ಉಸಿರಿಗೆ ಜಗ್ಗಲು ಒಂದು ಕೂಗು ಬೇಕೆಂದು ಕಾಲೇಜಿನ ಹುಡುಗಿಯೊಬ್ಬಳು ಹೇಳಿದಳು. ಹುಡುಕಿ ಹುಡುಕಿ ಕೊನೆಗೆ ದಿನಾ ಕೇಳುವ ಸ್ಟೇಷನ್ನುಗಳ ಹೆಸರೇ ಬಾಯಿಗೆ ಬಂದವು. ದೇವರಗುಡ್ಡ ಎಂದಾಗ ಕಾಲೂರುವುದು, ಬ್ಯಾಡಗಿ ಎಂದಾಗ ಮೈ ಹಿಂದಕ್ಕೆ ವಾಲಿಸುವುದು, ಹಾವೇರಿ ಎಂದಾಗ ಜಗ್ಗುವುದು. ವಾರದೊಳಗೆ ಬೇವಿನ ಮರದ ಎಲೆ ಉದುರತೊಡಗಿದವು. ಸ್ಟೇಷನ್ ಮಾಸ್ತರರು ಹೊರಗೆ ಬಂದು, ಎದುರಿನ ಗಾಡಿ ಹಾವೇರಿ ಬಿಟ್ಟಿತು, ಇನ್ನು ಸಾಕು, ಹತ್ತಿರಿ ಎಂದು ತಾವಾಗಿಯೇ ತಿಳಿಸುವರು.

ಆ ಹೊತ್ತಿಗೇ ಮನೆಯಲ್ಲಿ ಬೇರೆ ಒಂದು ಮಾತು ನಡೆದಿತ್ತು. ಸಂಕ್ರಾಂತಿಯ ದಿನ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆ ಉಂಡು ಎಲ್ಲರೂ ಪಡಸಾಲೆಯಲ್ಲಿ ಕುಳಿತಾಗ ದೊಡ್ಡಪ್ಪ ಅದನ್ನು ತೆಗೆದರು. ಅವರದು ಪೇಟೆಯಲ್ಲಿ ಬೀಜದ ಅಂಗಡಿ. ಅಪ್ಪ ಹೋದ ಮೇಲೆ ನಮ್ಮಿಬ್ಬರನ್ನೂ ಕೈಬಿಡದವರು, ನನಗೆ ಅಂಗಿ ತಂದರೆ ತಮ್ಮ ಮಗಳಿಗಿಂತ ಮೊದಲು ನನ್ನ ಕೈಗೆ ಕೊಡುವವರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ.

"ಶಾರದಾ, ಈ ತಿಂಗಳ ಮುಗಿಸಿ ನೌಕರಿ ಬಿಟ್ಟಬಿಡು. ಚಳಿ ಅನ್ನದ ಮಳಿ ಅನ್ನದ ಕೂಸಿನ ಕಟಗೊಂಡು ಅಡ್ಡಾಡೋದು ನನಗ ನೋಡಾಕ ಆಗವಲ್ದು. ಮಂದಿನೂ ಮಾತಾಡಾಕತ್ತಾರ. ಇಬ್ಬರ ಹೊಟ್ಟಿಗೆ ನಾ ಇದ್ದೇನಿ."

ಅವ್ವ ತಲೆ ತಗ್ಗಿಸಿ ಎಳ್ಳಿನ ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ಅವಳ ಮೌನವನ್ನು ಎಲ್ಲರೂ ಒಪ್ಪಿಗೆ ಎಂದುಕೊಂಡರು. ನಾನೂ ಹಾಗೇ ಅಂದುಕೊಂಡು, ಇನ್ನು ರೈಲು ಇಲ್ಲ, ಹಳ್ಳಾಟ ಇಲ್ಲ ಎಂದು ಹಾಸಿಗೆಯಲ್ಲಿ ಅತ್ತೆ.

ಆಟಕ್ಕೆ ಎರಡು ದಿನ ಇರುವಾಗ ಕಾಲೇಜಿನ ಹುಡುಗಿಯರಲ್ಲಿ ಒಬ್ಬಳಿಗೆ ಮನೆಯಲ್ಲಿ ಬೇಡ ಎಂದರು. ಎಂಟು ಏಳಾಯಿತು. ಬೇವಿನ ಮರದ ಕೆಳಗೆ ಎಲ್ಲರೂ ಪೆಚ್ಚಾಗಿ ನಿಂತರು. ಗಂಗವ್ವ ಚೀಲಗಳ ನಡುವೆ ಕುಳಿತಿದ್ದ ಅವ್ವನನ್ನು ನೋಡಿದಳು. ಅವ್ವ ಅರ್ಥಮಾಡಿಕೊಂಡು ಹೆದರಿದಳು. ತನ್ನಲ್ಲಿ ಬಲವಿಲ್ಲ ಎಂದಳು, ಹಿಂದೆಂದೂ ಆಡಿಲ್ಲ ಎಂದಳು, ಕೊನೆಗೆ ಖರೇ ಇದ್ದದ್ದನ್ನು ಹೇಳಿದಳು.

"ನನ್ನಂಥಾಕಿ ಮೈದಾನದಾಗ ನಿಂತು ಹಗ್ಗ ಜಗ್ಗಿದ್ರ ನೋಡಿದವರು ಏನಂತಾರ?"

"ನೋಡಿದವರು ಹಗ್ಗ ಹಿಡ್ಯಾಕ ಬರ್ತಾರೇನು?" ಎಂದಳು ಗಂಗವ್ವ. "ನಮಗ ಹಿಡ್ಯೋರು ಬೇಕಾಗ್ಯಾರ."

ಅವ್ವ ಸುತ್ತಲಿನ ಚೀಲಗಳನ್ನು ಪಕ್ಕಕ್ಕೆ ಸರಿಸಿದಳು. ಆಮೇಲೆ ಎದ್ದು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು. ತೆಳ್ಳಗಿದ್ದವಳನ್ನು ಎಲ್ಲಿ ನಿಲ್ಲಿಸುವುದೆಂದು ಚರ್ಚೆಯಾಗಿ, ಎಲ್ಲರಿಗಿಂತ ಮುಂದೆ ಎಂದು ತೀರ್ಮಾನವಾಯಿತು. ಬಲವೆಲ್ಲ ಹಿಂದಿರಬೇಕು. ಮುಂದಿನವಳು ಎದುರಾಳಿಯ ಕಣ್ಣಲ್ಲಿ ಕಣ್ಣಿಟ್ಟು, ಅವರು ಸಡಿಲ ಬಿಟ್ಟ ಕ್ಷಣಕ್ಕೆ ಕೂಗು ಕೊಡಬೇಕು. ತಿಂಗಳುಗಟ್ಟಲೆ ಯಾರನ್ನೂ ನೆಟ್ಟಗೆ ನೋಡದಿದ್ದ ನನ್ನ ಅವ್ವನಿಗೆ ಸಿಕ್ಕ ಕೆಲಸ ಅದು.

ಗಣರಾಜ್ಯೋತ್ಸವದ ಮಧ್ಯಾಹ್ನ ಮೈದಾನದ ತುಂಬ ಜನ. ಹೆಸರು ಹಚ್ಚಿಕೊಳ್ಳುತ್ತಿದ್ದ ಮಾಸ್ತರರು ಸರೋಜಕ್ಕನನ್ನು ಕೇಳಿದರು, ಯಾವ ಸಂಘ? ಸಂಘವಿಲ್ಲ ಎಂದರು ಸರೋಜಕ್ಕ. ಯಾವ ಕಚೇರಿ, ಯಾವ ಊರು? ಒಬ್ಬೊಬ್ಬರದು ಒಂದೊಂದು. ಮಾಸ್ತರರು ಪೆನ್ನು ಕೆಳಗಿಟ್ಟರು. ಉಳಿದ ತಂಡಗಳೆಲ್ಲ ಒಂದೊಂದು ಊರಿನವು, ಒಂದೊಂದು ಮಂಡಳದವು. ಸಿಕ್ಕಸಿಕ್ಕವರು ಕೂಡಿ ಬಂದರೆ ತಂಡ ಹೇಗಾಗುತ್ತದೆ ಎಂಬುದು ಅವರ ಪ್ರಶ್ನೆ.

"ಒಬ್ಬರಿಗೊಬ್ಬರು ಏನ್ ಆಗಬೇಕ್ರಿ ನೀವು?"

ಸರೋಜಕ್ಕ ಹಿಂದೆ ತಿರುಗಿ ತಮ್ಮವರನ್ನು ನೋಡಿದರು. ಎಲ್ಲರ ಹಿಂದೆ ನಿಂತಿದ್ದ ಅವ್ವ ಹೇಳಿದಳು:

"ಒಂದೇ ಡಬ್ಬಿಯವರ್ರಿ."

ಮಾಸ್ತರರು ಅವಳನ್ನು ನೋಡಿದರು. ನಕ್ಕರು. ಪೆನ್ನು ಎತ್ತಿಕೊಂಡು 'ಪ್ಯಾಸೆಂಜರ್ ಗಾಡಿ ತಂಡ' ಎಂದು ಬರೆದುಕೊಂಡರು. ಧ್ವನಿವರ್ಧಕದಲ್ಲಿ ಆ ಹೆಸರು ಕೇಳಿದಾಗ ಮೈದಾನವೇ ನಕ್ಕಿತು. ಮೊದಲ ಆಟ ಗೆದ್ದಾಗಲೂ ನಗುತ್ತಿತ್ತು. ಎರಡನೆಯದನ್ನೂ ಗೆದ್ದಾಗ ನಗು ನಿಂತು ಚಪ್ಪಾಳೆ ಬಂತು.

ಕೊನೆಯ ಆಟಕ್ಕೆ ಇನ್ನೇನು ಕರೆಯಬೇಕು, ಆಗ ದೊಡ್ಡಪ್ಪ ಜನರ ನಡುವೆ ದಾರಿ ಮಾಡಿಕೊಂಡು ಬರುವುದು ಕಂಡಿತು. ಹಬ್ಬಕ್ಕೆ ಉಟ್ಟ ಬಿಳಿ ಧೋತರ ಬಸ್ಸಿನ ಧೂಳಿಗೆ ಕೆಂಪಾಗಿತ್ತು. ಬ್ಯಾಡಗಿಯಿಂದ ಅಂಗಡಿಗೆ ಬಂದ ಗಿರಾಕಿಯೊಬ್ಬ ಸ್ಟೇಷನ್ನಿನಲ್ಲಿ ಕಂಡ ತಾಲೀಮನ್ನೂ ಅಂದು ಹಾವೇರಿಯಲ್ಲಿ ಆಟವಿರುವುದನ್ನೂ ಹೇಳಿದ್ದನಂತೆ. ಕೂಡಲೇ ಬಸ್ಸು ಹತ್ತಿದ್ದರು. ನಾನು ಕಾಯುತ್ತಿದ್ದ ಚಪ್ಪಲಿ ಬಿಟ್ಟು ಅವ್ವನ ಹತ್ತಿರ ಓಡಿದೆ. ಉಳಿದವರೆಲ್ಲ ಮಾತು ನಿಲ್ಲಿಸಿ ಅವ್ವನ ಸುತ್ತ ಸರಿದು ನಿಂತರು.

"ಶಾರದಾ, ನಡಿ ಮನಿಗೆ" ಎಂದರು ದೊಡ್ಡಪ್ಪ, ಮೆಲ್ಲಗೆ, ಬೇರೆಯವರಿಗೆ ಕೇಳಬಾರದೆಂದು.

ಅವ್ವನ ಕೂದಲಿಗೆಲ್ಲ ಮಣ್ಣು ಹತ್ತಿತ್ತು. ಅಂಗೈ ಕೆಂಪಾಗಿತ್ತು. ಅವಳು ತಲೆಯ ಮೇಲೆ ಸೆರಗು ಹೊದ್ದುಕೊಳ್ಳಲಿಲ್ಲ, ತಲೆ ತಗ್ಗಿಸಲೂ ಇಲ್ಲ.

"ಇನ್ನೊಂದ ಆಟ ಐತ್ರಿ ಭಾವಾರ. ಮುಗಿಸಿ ಬರ್ತೇನಿ."

ಹಾಗೆಂದು ತನ್ನ ಕೈಚೀಲವನ್ನು ಅವರ ಕೈಗೆ ಕೊಟ್ಟಳು. ಅವರು ಬೇಡವೆನ್ನುವ ಮೊದಲೇ ತಿರುಗಿ ಹಗ್ಗದ ಕಡೆಗೆ ನಡೆದಳು. ಅದುವರೆಗೆ ನಮ್ಮ ಮನೆಯಲ್ಲಿ ದೊಡ್ಡಪ್ಪನ ಕೈಗೆ ಯಾವ ಹೆಂಗಸೂ ಚೀಲ ಹಿಡಿಯಲು ಕೊಟ್ಟಿರಲಿಲ್ಲ. ಅವರು ಅದನ್ನು ಎದೆಗವಚಿಕೊಂಡು ಗೆರೆಯ ಅಂಚಿಗೆ ನಿಂತರು.

ಎದುರಿನವರು ಗುತ್ತಲದ ಕಡೆಯವರು, ಹೊಲದಲ್ಲಿ ದುಡಿದ ಮೈ. ಮೊದಲ ಜಗ್ಗಾಟದಲ್ಲಿ ನಮ್ಮವರನ್ನು ಮಕ್ಕಳಂತೆ ಎಳೆದುಹಾಕಿದರು. ಎರಡನೆಯದು ಹೇಗೋ ನಮ್ಮ ಕಡೆಗೆ ಬಂತು. ಮೂರನೆಯದರಲ್ಲಿ ಹಗ್ಗ ಅಲುಗಾಡಲೇ ಇಲ್ಲ. ನಡುವೆ ಕಟ್ಟಿದ್ದ ಕೆಂಪು ಬಟ್ಟೆ ಗೆರೆಯ ಮೇಲೆಯೇ ನಡುಗುತ್ತಿತ್ತು. ಗಂಗವ್ವ ಹಿಂದೆ ಹಗ್ಗವನ್ನು ಸೊಂಟಕ್ಕೆ ಸುತ್ತಿಕೊಂಡು ಹೂತಿಟ್ಟ ಕಂಬದಂತೆ ನಿಂತಿದ್ದಳು. ಚಾಚಿ ಕಚ್ಚಿಕೊಂಡ ತುಟಿಯಿಂದ ರಕ್ತ ಬಂದಿತ್ತು. ನಿಧಾನವಾಗಿ ಬಟ್ಟೆ ಆಚೆ ಕಡೆಗೆ ಸರಿಯತೊಡಗಿತು. ಒಂದು ಗೇಣು, ಮತ್ತೊಂದು ಗೇಣು. ನಾನು ಕಣ್ಣು ಮುಚ್ಚಿಕೊಂಡೆ.

ಆಗ ಅವ್ವನ ದನಿ ಕೇಳಿತು. ಅಷ್ಟು ದೊಡ್ಡ ದನಿ ಅವಳೊಳಗೆ ಇತ್ತೆಂದು ನನಗೆ ಗೊತ್ತಿರಲಿಲ್ಲ. ದೇವರಗುಡ್ಡ ಎಂದಳು. ಏಳು ಜನರ ಹಿಮ್ಮಡಿ ಒಮ್ಮೆಲೇ ಮಣ್ಣಿಗಿಳಿಯಿತು. ಬ್ಯಾಡಗಿ ಎಂದಳು. ಹಾವೇರಿ ಎಂದಾಗ ಮೈದಾನದಲ್ಲಿದ್ದ ಯಾರೋ ಆ ಕೂಗು ಹಿಡಿದರು. ಎರಡನೇ ಸಲಕ್ಕೆ ನೂರು ಬಾಯಿ ಕೂಗಿದವು. ಮೂರನೇ ಸಲಕ್ಕೆ ಇಡೀ ಮೈದಾನ ಹಾವೇರಿ ಎಂದಿತು. ಅವ್ವ ಎದುರಿನವಳ ಕಣ್ಣಿನಿಂದ ಕಣ್ಣು ಕೀಳಲಿಲ್ಲ. ಕೆಂಪು ಬಟ್ಟೆ ಗೆರೆಗೆ ಮರಳಿತು, ಗೆರೆ ದಾಟಿತು, ಮತ್ತೆ ನಿಲ್ಲಲೇ ಇಲ್ಲ. ಎಂಟೂ ಜನ ಹಿಂದಕ್ಕೆ ಬಿದ್ದು ರಾಶಿಯಾದರು. ಆ ರಾಶಿಯೊಳಗಿಂದ ಅವ್ವ ನಗುತ್ತ ಎದ್ದಳು. ನಾನು ದೊಡ್ಡಪ್ಪನ ಕಡೆ ನೋಡಿದೆ. ಅವರ ಒಂದು ಕಾಲು ಮುಂದೆ, ಒಂದು ಕಾಲು ಹಿಂದೆ, ಹಿಮ್ಮಡಿ ಮಣ್ಣಿನಲ್ಲಿ ಹೂತಿತ್ತು. ಕೈಚೀಲದ ಹಿಡಿಕೆಯನ್ನು ಎರಡೂ ಕೈಯಿಂದ ಬಿಗಿಯಾಗಿ ಜಗ್ಗಿ ಹಿಡಿದಿದ್ದರು.

ಸೋತ ಗುತ್ತಲದವರು ಬಂದು ಅವ್ವನ ಕೈ ಹಿಡಿದರು, ನಿಮ್ಮ ಗಾಡಿಗೆ ನಾವೂ ಬರ್ತೇವಿ ಎಂದರು. ಸಂಜೆಯ ಪ್ಯಾಸೆಂಜರಿನಲ್ಲಿ ದೊಡ್ಡಪ್ಪ ಪಕ್ಕದ ಗಂಡಸರ ಡಬ್ಬಿಯಲ್ಲಿ ಕೂತರು. ಬ್ಯಾಡಗಿಯಲ್ಲಿ ಕ್ರಾಸಿಂಗಿಗೆ ನಿಂತಾಗ ಗಂಗವ್ವ ಇಳಿದು, ಮನೆಯ ದಾರಿ ಹಿಡಿಯುವ ಮೊದಲು ಮೊಸರು ಕಲಸಿದ ಅವಲಕ್ಕಿಯನ್ನು ಅವರ ಕಿಟಕಿಗೇ ಒಯ್ದು ಕೊಟ್ಟಳು. ತಿಂದರು. ಬೇವಿನ ಮರ ಯಾವುದು ಎಂದು ನನ್ನನ್ನು ಕರೆದು ಕೇಳಿದರು. ತೋರಿಸಿದೆ.

ಮನೆಯಲ್ಲಿ ಅಜ್ಜಿ ಬಾಗಿಲಲ್ಲೇ ನಿಂತಿದ್ದಳು. ಅವಳು ಬಾಯಿ ತೆರೆಯುವ ಮೊದಲು ಅವ್ವ ಪಡಸಾಲೆಯಲ್ಲಿ ನಿಂತು, ಸಂಕ್ರಾಂತಿಯ ದಿನ ಕೊಡದ ಉತ್ತರ ಕೊಟ್ಟಳು.

"ನಾ ನೌಕರಿ ಬಿಡಂಗಿಲ್ಲರಿ ಭಾವಾರ. ನಿಮ್ಮ ಮ್ಯಾಲಿನ ಸಿಟ್ಟಿಗಲ್ಲ. ನನಗ ಹೋಗಬೇಕು ಅನಸ್ತೇತಿ."

ದೊಡ್ಡಪ್ಪ ಪೇಟ ತೆಗೆದು ಗೂಟಕ್ಕೆ ಹಾಕಿದರು. ತಂಬಿಗೆ ನೀರು ಕುಡಿದರು. ಆಮೇಲೆ ಕೇಳಿದರು, "ನಾಳೆ ಗಾಡಿ ಎಷ್ಟಕ್ಕ ಐತಿ?"

ಮರುದಿನದಿಂದ ಅವರ ಸ್ಕೂಟರು ನಮ್ಮನ್ನು ಸ್ಟೇಷನ್ನಿಗೆ ಬಿಡತೊಡಗಿತು. ಅವ್ವ ಇನ್ನು ಕಾವಲು ಬೇಡ ಎಂದಳು. ಆದರೆ ನಾನು ಹಾವೇರಿ ಶಾಲೆ ಬಿಡಲು ಒಪ್ಪಲಿಲ್ಲ.

ಕೆಲವು ವರ್ಷದ ಮೇಲೆ ಅವ್ವನಿಗೆ ರಾಣಿಬೆನ್ನೂರಿಗೇ ವರ್ಗವಾಯಿತು. ಎಲ್ಲರೂ ಪುಣ್ಯ ಮಾಡಿದ್ದಿ ಎಂದರು. ಅವ್ವ ಡಬ್ಬಿಯಲ್ಲಿ ಪೇಢೆ ಹಂಚಿದಳು, ಹಂಚುತ್ತ ಅತ್ತಳು. ಬರುತ್ತ ಹೋಗುತ್ತ ಇರ್ರಿ ಎಂದು ಎಲ್ಲರೂ ಎಲ್ಲರಿಗೂ ಹೇಳಿದರು. ಆದರೆ ಆ ನಂಟು ಓಡುವ ಗಾಡಿಯದು, ನಿಂತ ಮನೆಗಳಿಗೆ ಅದರ ದಾರಿ ಗೊತ್ತಿರಲಿಲ್ಲ. ಸರೋಜಕ್ಕನ ಮಗಳ ಮದುವೆಗೆ ಹೋಗಿ ಬಂದೆವು. ಚಾಚಿ ಎರಡು ಸಲ ಬಂದಳು. ಗಂಗವ್ವ ತೀರಿಕೊಂಡದ್ದು ನಮಗೆ ತಿಳಿದದ್ದು ಎಷ್ಟೋ ತಿಂಗಳ ಮೇಲೆ. ಹೋಗಿ ಮಾತಾಡಿಸೋಣವೆಂದರೆ ಅವಳ ಅಡ್ಡಹೆಸರೂ ನಮಗೆ ಗೊತ್ತಿರಲಿಲ್ಲ. ಈಗ ಹಳಿ ಜೋಡಿಯಾಗಿದೆ, ಗಾಡಿ ಯಾರಿಗೂ ಕಾಯುವುದಿಲ್ಲ. ನಾನು ನನ್ನ ಕಾರಿನಲ್ಲಿ ಹೆದ್ದಾರಿ ಹಿಡಿದು ಹಾವೇರಿಗೆ ಹೋಗಿ ಬರುತ್ತೇನೆ. ಆ ದಾರಿಯಲ್ಲಿ ದಿನಾ ನನ್ನ ಜೊತೆಗೇ ಹೋಗುವ ನೂರಾರು ಜನರಲ್ಲಿ ಒಬ್ಬರ ಹೆಸರೂ ನನಗೆ ಗೊತ್ತಿಲ್ಲ. ಯಾರಾದರೂ ಬಂದು ಅವರು ನಿನಗೇನಾಗಬೇಕು ಎಂದು ಕೇಳಿದರೆ ಹೇಳಲು ನನ್ನಲ್ಲಿ ಒಂದು ಮಾತಿಲ್ಲ. ನಾನು ಕಳೆದುಕೊಂಡದ್ದು ಅದು.

ಅವ್ವ ಕಳೆದುಕೊಂಡಿಲ್ಲ. ಹೋದ ವರ್ಷ ಕಣ್ಣು ತೋರಿಸಲು ಅವಳನ್ನು ಹುಬ್ಬಳ್ಳಿಗೆ ಕರೆದೊಯ್ದಿದ್ದೆ. ಆಸ್ಪತ್ರೆಯಲ್ಲಿ ಒಂದು ಮೂಲೆಯ ಕುರ್ಚಿ ಹುಡುಕಿ ಕೂರಿಸಿ, ಔಷಧಿ ತರಲು ಹೋದೆ. ಬಂದು ನೋಡಿದರೆ ಮೂಲೆಯ ಕುರ್ಚಿ ಖಾಲಿ. ಗಾಬರಿಯಾಗಿ ಹುಡುಕಿದೆ. ನಡುವಿನ ಬೆಂಚಿನಲ್ಲಿ ನಾಲ್ಕಾರು ಹೆಂಗಸರ ಮಧ್ಯೆ ಕುಳಿತಿದ್ದಳು. ಯಾರದೋ ಕೂಸು ತೊಡೆಯ ಮೇಲೆ ನಿದ್ದೆ ಹೋಗಿತ್ತು. ಯಾರೋ ಕೊಟ್ಟ ಚಕ್ಕುಲಿ ಕೈಯಲ್ಲಿತ್ತು.

"ಯಾರವ್ವ ಇವರು?" ಎಂದು ಕಿವಿಯ ಹತ್ತಿರ ಬಾಗಿ ಕೇಳಿದೆ.

"ಈಗ ಗೊತ್ತಾದವರು" ಎಂದಳು ಅವ್ವ. ಮತ್ತು ಕೂಸು ಏಳದಂತೆ ಮೆಲ್ಲಗೆ ಸರಿದು, ನನಗೂ ಅಷ್ಟು ಜಾಗ ಮಾಡಿಕೊಟ್ಟಳು.